ತಕ್ಕಡಿ ಇಲ್ಲದ ಸಂತೆ

ಬೀಜ ಮಣ್ಣಿಗೆ ಬೀಳುವ ಮೊದಲೇ ದುಡ್ಡು ಎಣಿಸಿ ಕೊಡುವ ಗಿರಾಕಿ. ಬೆಳೆ ಕೈಹಿಡಿದರೆ ಬುಟ್ಟಿ ತುಂಬ ತರಕಾರಿ, ಆಲಿಕಲ್ಲು ಬಿದ್ದರೆ ಬರಿ ಬುಟ್ಟಿ. ರೈತನ ಜೂಜಿನಲ್ಲಿ ಉಣ್ಣುವವನೂ ಪಣ ಕಟ್ಟುವ ‘ಸಮುದಾಯ ಬೆಂಬಲಿತ ಕೃಷಿ’ ಅಮೆರಿಕದ ಹೊಲಕ್ಕಿಳಿದು ನಾಲ್ಕು ದಶಕ. ಜಪಾನು, ಜರ್ಮನಿ ಸುತ್ತಿದ ಈ ಕಥೆಯ ಒಂದು ಎಳೆ ನಮ್ಮ ಅಮ್ಮಂದಿರ ‘ವರ್ತನೆ’ ಹಾಲಿನಲ್ಲೂ ಸಿಗುತ್ತದೆ.

ಚಳಿ ಇನ್ನೂ ಬಿಟ್ಟಿರುವುದಿಲ್ಲ. ಜರ್ಮನಿಯ ಒಂದು ಹಳ್ಳಿಯ ಸಭಾಂಗಣ. ಬಾಗಿಲ ಬಳಿ ಒದ್ದೆ ಬೂಟುಗಳ ರಾಶಿ, ಒಳಗೆ ಮಡಚುವ ಕುರ್ಚಿಗಳ ಮೇಲೆ ನೂರು ಮನೆಯವರು. ಎದುರಿನ ಗೋಡೆಯ ಮೇಲೆ ರೈತನ ಮುಂದಿನ ವರ್ಷದ ಜಾತಕ: ಬೀಜಕ್ಕೆ ಇಷ್ಟು, ಡೀಸೆಲ್‌ಗೆ ಇಷ್ಟು, ಟ್ರ್ಯಾಕ್ಟರ್ ರಿಪೇರಿಗೆ, ವಿಮೆಗೆ, ಆಳುಗಳ ಸಂಬಳಕ್ಕೆ. ಕೊನೆಯ ಸಾಲು ರೈತನದೇ ಸಂಬಳ.

ಲೆಕ್ಕಕ್ಕೆ ಸುಲಭವಾಗಲಿ ಎಂದು ಒಟ್ಟು ಖರ್ಚು 1,20,000 ಯೂರೊ ಎಂದಿಟ್ಟುಕೊಳ್ಳಿ. ನೂರು ಮನೆಗೆ ಹಂಚಿದರೆ ಒಂದು ಮನೆಗೆ ವರ್ಷಕ್ಕೆ 1,200, ತಿಂಗಳಿಗೆ ನೂರು. ಆದರೆ ಯಾರೂ ನೂರೇ ಕೊಡಬೇಕೆಂದಿಲ್ಲ. ಎಲ್ಲರ ಕೈಗೂ ಒಂದೊಂದು ಚೀಟಿ ಬರುತ್ತದೆ. ನಿಮ್ಮಿಂದ ಎಷ್ಟಾಗುತ್ತದೋ ಅಷ್ಟು ಬರೆಯಿರಿ ಎನ್ನುತ್ತಾರೆ.

ಕಾಲೇಜಿನ ಹುಡುಗಿ ಅರವತ್ತು ಬರೆಯುತ್ತಾಳೆ. ಪಕ್ಕದಲ್ಲಿ ಕೂತ ದಂತವೈದ್ಯ ನೂರ ನಲವತ್ತು. ಮಡಚಿದ ಚೀಟಿಗಳನ್ನು ಒಟ್ಟುಮಾಡಿ ಕೂಡುತ್ತಾರೆ. ಏಳು ಸಾವಿರ ಕಡಿಮೆ ಬಿತ್ತು! ಯಾರು ಎಷ್ಟು ಬರೆದರೆಂದು ಯಾರೂ ಕೇಳುವುದಿಲ್ಲ. ಇನ್ನೊಂದು ಸುತ್ತು ಚೀಟಿ ಹಂಚುತ್ತಾರೆ. ಗೋಡೆಯ ಮೇಲಿನ ಮೊತ್ತ ತುಂಬುವವರೆಗೂ ಇದೇ ಆಟ.

ಪ್ರತಿವರ್ಷ ಬಿತ್ತನೆಗೆ ಮುಂಚೆ ಆ ದೇಶದ ಎಷ್ಟೋ ತೋಟಗಳಲ್ಲಿ ಈ ಸಭೆ ನಡೆಯುತ್ತದೆ. ನಮ್ಮ ಬೀದಿಯ ಚೀಟಿ ವ್ಯವಹಾರ ಕಂಡವರಿಗೆ ಇದು ತಲೆಕೆಳಗಾದ ಚೀಟಿಯಂತೆ ಕಾಣುತ್ತದೆ. ನಮ್ಮಲ್ಲಿ ಅಡಚಣೆ ಇದ್ದವನೇ ಜಾಸ್ತಿ ಕೂಗಿ, ಜಾಸ್ತಿ ಕಳೆದುಕೊಂಡು ಚೀಟಿ ಎತ್ತುತ್ತಾನೆ. ಇಲ್ಲಿ ಅಡಚಣೆ ಇದ್ದವನು ಕಡಿಮೆ ಬರೆದು, ಎಲ್ಲರಷ್ಟೇ ತರಕಾರಿ ಮನೆಗೆ ಒಯ್ಯುತ್ತಾನೆ.

ಇಡೀ ಸಂಜೆಯಲ್ಲಿ ಒಂದು ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ: ಕ್ಯಾರೆಟ್ ಕೆಜಿಗೆ ಎಷ್ಟು?

ಸೇಬಿನ ಬುಟ್ಟಿಯಿಂದ ಶುರು

1985. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೌತ್ ಎಗ್ರಿಮಾಂಟ್ ಎಂಬ ಊರು. ಶಿಶುವಿಹಾರದ ಟೀಚರ್ ಆಗಿದ್ದ ರಾಬಿನ್ ವ್ಯಾನ್ ಎನ್ ಎಂಬಾಕೆ ಎರಡು ವರ್ಷದ ಹಿಂದಷ್ಟೇ ಅಲ್ಲಿ ‘ಇಂಡಿಯನ್ ಲೈನ್’ ಎಂಬ ತೋಟ ಕೊಂಡಿದ್ದರು. ಸ್ವಿಟ್ಜರ್ಲೆಂಡಿನಲ್ಲಿ ದುಡಿದು ಬಂದಿದ್ದ ಯಾನ್ ವಾಂಡರ್‌ಟ್ಯೂನ್ ಆಕೆಯನ್ನು ಹುಡುಕಿಕೊಂಡು ಬಂದ. ಜೂರಿಕ್ ಬಳಿಯ ತೋಟವೊಂದರಲ್ಲಿ ತಿನ್ನುವವರೇ ಮುಂಗಡ ಕೊಟ್ಟು ಬೆಳೆಸುವುದನ್ನು ಕಣ್ಣಾರೆ ಕಂಡಿದ್ದ. ಇಲ್ಲೂ ಮಾಡಬಾರದೇಕೆ ಎಂಬುದು ಅವನ ಪ್ರಶ್ನೆ.

ಆ ಶರತ್ಕಾಲದಲ್ಲಿ ತರಕಾರಿಗೆ ಕೈಹಾಕಲಿಲ್ಲ. ಮೊದಲು ಸೇಬಿನಲ್ಲಿ ಪ್ರಯೋಗ. ಸುಮಾರು ಮೂವತ್ತು ಪಾಲುದಾರರು ಸೇರಿದರು. ಹಣ್ಣು ಕಿತ್ತು, ಆರಿಸಿ, ಹಂಚಿಕೊಂಡರು. ಪೆಟ್ಟು ತಿಂದ ಹಣ್ಣಿನಿಂದ ರಸ ತೆಗೆದರು, ವಿನೆಗರ್ ಮಾಡಿದರು. ಮರುವರ್ಷ, ಅಂದರೆ 1986ರಲ್ಲಿ, ತರಕಾರಿಯ ಪಾಲು ಹೊರಟಿತು.

ಹೆಸರಿಡುವಾಗಲೂ ಚರ್ಚೆಯಾಯಿತು. ‘ಸಮುದಾಯ ಬೆಂಬಲಿತ ಕೃಷಿ’ ಎಂಬ ಹೆಸರು ರಾಬಿನ್‌ಗೆ ಹಿಡಿಸಿದ್ದಕ್ಕೆ ಒಂದು ಕಾರಣ, ಅದನ್ನು ತಿರುಗಿಸಿಯೂ ಓದಬಹುದು ಎಂಬುದು: ಕೃಷಿ ಬೆಂಬಲಿತ ಸಮುದಾಯ. ಇಂಗ್ಲಿಷಿನ ಮೊದಲಕ್ಷರ ಹಿಡಿದು ಜಗತ್ತು ಅದನ್ನು ಸಿಎಸ್‌ಎ ಎಂದು ಕರೆಯಿತು.

ಅದೇ 1986ರಲ್ಲಿ ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಟೆಂಪಲ್-ವಿಲ್ಟನ್ ಎಂಬ ಇನ್ನೊಂದು ತೋಟ ಇದೇ ದಾರಿ ಹಿಡಿಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬ ಟ್ರಾವ್ಗರ್ ಗ್ರೋ, ಜರ್ಮನಿಯಿಂದ ಹೋದ ರೈತ. ಹ್ಯಾಂಬರ್ಗ್ ಬಳಿ ಆತ ಬಿಟ್ಟುಬಂದ ಬುಷ್‌ಬರ್ಗ್‌ಹೋಫ್ ತೋಟ 1988ರಲ್ಲಿ ಜರ್ಮನಿಯ ಮೊದಲ ಸಿಎಸ್‌ಎ ಆಯಿತು. ಯೂರೋಪಿನ ವಿಚಾರ ಅಮೆರಿಕಕ್ಕೆ ಹೋಗಿ, ಹೆಸರು ಹೊತ್ತು, ಹಡಗು ಹತ್ತಿ ವಾಪಸಾದ ಹಾಗೆ.

ರಾಬಿನ್ 1997ರ ಜನವರಿಯಲ್ಲಿ ಆಸ್ತಮಾದಿಂದ ತೀರಿಕೊಂಡರು. ಅಷ್ಟರಲ್ಲಿ ದೇಶದ ಉದ್ದಗಲ ತಿರುಗಿ, ಕೈಪಿಡಿ ಬರೆದು ಹಂಚಿ, ನೂರಾರು ತೋಟಗಳಿಗೆ ದಾರಿ ತೋರಿಸಿದ್ದರು. ಆದರೆ ಆಕೆಯ ಸ್ವಂತ ತೋಟವೇ ಮಾರಾಟಕ್ಕೆ ಬಂತು. ತೋಟವಿದ್ದ ಬರ್ಕ್‌ಶೈರ್ ಪ್ರದೇಶ ನ್ಯೂಯಾರ್ಕಿನ ಸಿರಿವಂತರು ರಜೆ ಮನೆ ಕಟ್ಟುವ ಜಾಗ. ಸೊಪ್ಪು ಬೆಳೆದು ಆ ನೆಲದ ಸಾಲ ತೀರಿಸುವುದು ಆಗದ ಮಾತು.

ಅಲ್ಲಿ ಆದದ್ದು ನನಗೆ ಇಡೀ ಕಥೆಯ ದೊಡ್ಡ ತಿರುವು. 1999ರಲ್ಲಿ ಊರವರ ಭೂ ಟ್ರಸ್ಟ್ ಒಂದು ಪರಿಸರ ಸಂಸ್ಥೆಯೊಡನೆ ಕೈಜೋಡಿಸಿ ನೆಲ ಉಳಿಸಿಕೊಂಡಿತು. ಎಲಿಜಬೆತ್ ಕೀನ್ ಮತ್ತು ಅಲ್ ಥಾರ್ಪ್ ಎಂಬ ಯುವ ರೈತ ದಂಪತಿ ಮನೆ, ಕೊಟ್ಟಿಗೆಗಳನ್ನಷ್ಟೇ ಕೊಂಡರು. ನೆಲ 99 ವರ್ಷದ ಗುತ್ತಿಗೆಗೆ ಬಂತು. ಬೆಳೆಯಲ್ಲಿ ಪಾಲು ಕೇಳಿ ಬಂದ ಊರು, ಕೊನೆಗೆ ನೆಲದ ಭಾರಕ್ಕೂ ಹೆಗಲು ಕೊಟ್ಟಿತು.

ಬಾಕ್ಸ್: ಬುಟ್ಟಿ ಹೋದ ಊರುಗಳು

ಜಿನೀವಾ, 1978: ಸ್ವಿಟ್ಜರ್ಲೆಂಡಿನಲ್ಲಿ ‘ಜಾರ್ಡಾಂ ದ ಕೊಕಾನ್’ ಎಂಬ ಸಹಕಾರಿ ತೋಟ ಶುರು. ಅಮೆರಿಕದ ಪ್ರಯೋಗಕ್ಕಿಂತ ಏಳು ವರ್ಷ ಮುಂಚೆ.

ಅಲಬಾಮಾ: ಟಸ್ಕೀಗಿಯ ಕಪ್ಪುವರ್ಣೀಯ ಕೃಷಿ ಪ್ರಾಧ್ಯಾಪಕ ಬುಕರ್ ಟಿ. ವಾಟ್ಲಿ ‘ಗಿರಾಕಿ ಸದಸ್ಯರ ಕ್ಲಬ್’ ಕಟ್ಟಿ ಬದುಕಿಕೊಳ್ಳಿ ಎಂದು ಸಣ್ಣ ರೈತರಿಗೆ ಬಹಳ ಮೊದಲೇ ಹೇಳುತ್ತಿದ್ದರು. ವರ್ಷದ ಶುಲ್ಕ ಕಟ್ಟಿದವರು ತೋಟಕ್ಕೆ ಬಂದು ತಾವೇ ಕೊಯ್ದುಕೊಳ್ಳಬೇಕು. ಸಿಎಸ್‌ಎ ಚರಿತ್ರೆ ಬರೆಯುವವರು ಈ ಹೆಸರನ್ನು ನೆನೆಯುವುದು ತಡವಾಗಿ.

ಒಬಾಞ್, 2001: ಫ್ರಾನ್ಸಿನ ವ್ಯುಯಾಂ ರೈತ ದಂಪತಿ ನ್ಯೂಯಾರ್ಕಿಗೆ ಹೋಗಿದ್ದಾಗ ತರಕಾರಿ ಪಾಲು ಹಂಚುವುದನ್ನು ಕಂಡರು. ಊರಿಗೆ ಮರಳಿ ‘ಅಮಾಪ್’ ಎಂಬ ಹೆಸರಿನಲ್ಲಿ ಅಂಥದೇ ಗುಂಪು ಆರಂಭಿಸಿದರು. ಈಗ ಅಲ್ಲಿ ಅಂಥ ಗುಂಪುಗಳು ಸಾವಿರಗಟ್ಟಲೆ.

ಬೀಜಿಂಗ್, 2008: ಕಲಬೆರಕೆ ಹಾಲಿನ ಪುಡಿ ಹಗರಣದಿಂದ ಚೀನಾ ನಡುಗಿದ ವರ್ಷ. ಮಿನಿಸೋಟದ ಸಿಎಸ್‌ಎ ತೋಟದಲ್ಲಿ ಕಳೆ ಕಿತ್ತು ಕಲಿತ ಸಂಶೋಧನಾ ವಿದ್ಯಾರ್ಥಿನಿ ಶಿ ಯಾನ್ ಊರಿಗೆ ಮರಳಿ ‘ಪುಟ್ಟ ಕತ್ತೆ’ ಎಂಬ ತೋಟ ಕಟ್ಟುವುದರಲ್ಲಿ ಮುಂದಾದಳು.

ಅಮೆರಿಕ, 2015: ಸರ್ಕಾರಿ ಸಮೀಕ್ಷೆಯ ಪ್ರಕಾರ 7,398 ತೋಟಗಳು ಸಿಎಸ್‌ಎ ಮೂಲಕ 22.6 ಕೋಟಿ ಡಾಲರ್ ವ್ಯಾಪಾರ ಮಾಡಿದ್ದವು.

ಹತ್ತು ಮನೆ, ಎರಡು ವರ್ಷ

ಎಲ್ಲ ಸೊಗಸಾಗಿ ನಡೆಯಿತು ಎಂದು ಬರೆದು ಮುಗಿಸಬಹುದಿತ್ತು, ಜಪಾನಿನ ಯೋಶಿನೋರಿ ಕನೆಕೊ ಇಲ್ಲದಿದ್ದರೆ.

ಜಪಾನಿಗೆ ಅಮೆರಿಕದವರು ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. ಮಿನಮಾಟಾ ಕೊಲ್ಲಿಯ ಮೀನಿನಲ್ಲಿ ಪಾದರಸ ಕಂಡ ದೇಶ ಅದು. ತೆರುವೊ ಇಚಿರಾಕು ಎಂಬ ಸಹಕಾರಿ ಧುರೀಣ 1971ರಲ್ಲೇ ಸಾವಯವ ಕೃಷಿ ಸಂಘ ಕಟ್ಟಿದ್ದರು. 1974ರಲ್ಲಿ ಸವಾಕೊ ಅರಿಯೋಶಿ ಎಂಬ ಕಾದಂಬರಿಗಾರ್ತಿ ದಿನಪತ್ರಿಕೆಯಲ್ಲಿ ಆಹಾರದ ವಿಷದ ಬಗ್ಗೆ ಧಾರಾವಾಹಿ ಬರೆಯತೊಡಗಿದಾಗ ಪೇಟೆಯ ಗೃಹಿಣಿಯರು ಹೌಹಾರಿದರು. ಗುಂಪು ಕಟ್ಟಿಕೊಂಡು ಹಳ್ಳಿಗೆ ಹೋಗಿ, ನಮಗಾಗಿ ಬೆಳೆಯಿರಿ ಎಂದು ರೈತರನ್ನೇ ಕೇಳಿದರು. ಈ ನಂಟಿನ ಹೆಸರು ‘ತೇಕೆ’. ಕೈಕೈ ಹಿಡಿದು ನಡೆಯುವುದು ಎಂದು ಅರ್ಥ. ಅದರ ನಿಯಮಗಳಲ್ಲಿ ಒಂದು ಬಲು ಖಡಕ್ಕು: ರೈತ ಬೆಳೆದದ್ದನ್ನೆಲ್ಲ ತಿನ್ನುವವರು ತೆಗೆದುಕೊಳ್ಳಲೇಬೇಕು. ಆರಿಸುವ ಹಾಗಿಲ್ಲ.

ಕನೆಕೊ ಟೋಕಿಯೊದಿಂದ ಹೆಚ್ಚು ದೂರವಿಲ್ಲದ ಒಗಾವಾ ಎಂಬಲ್ಲಿ ಹಸು, ಗದ್ದೆ ಇದ್ದ ರೈತ. 1975ರಲ್ಲಿ ಹತ್ತು ಮನೆಗಳೊಡನೆ ಒಪ್ಪಂದ ಮಾಡಿಕೊಂಡ. ತಿಂಗಳಿಗೆ ಇಷ್ಟು ಹಣ, ಪ್ರತಿಯಾಗಿ ಅಕ್ಕಿ, ತರಕಾರಿ. ಕಾಗದದ ಮೇಲೆ ಲೆಕ್ಕ ಕರಾರುವಾಕ್ಕಾಗಿತ್ತು.

ಎರಡು ವರ್ಷಕ್ಕೆ ಮುರಿದುಬಿತ್ತು. ಮನೆಯವರು ಕೊಟ್ಟ ದುಡ್ಡನ್ನು ಬುಟ್ಟಿಯೊಳಗಿನ ತರಕಾರಿಗೆ ಭಾಗಿಸತೊಡಗಿದ್ದರು. ಅಂಗಡಿಯಲ್ಲಿ ಇಷ್ಟಕ್ಕೆ ಎಷ್ಟು ಬರುತ್ತಿತ್ತು? ಈ ವಾರ ಯಾಕೆ ಕಡಿಮೆ? ಮಾತು ಬೆಳೆಯಿತು, ಮನಸ್ಸು ಮುರಿಯಿತು. ತಕ್ಕಡಿಯನ್ನು ಹೊರಗಿಟ್ಟು ಶುರುಮಾಡಿದ ವ್ಯವಹಾರದೊಳಕ್ಕೆ ಅದು ಹಿತ್ತಲ ಬಾಗಿಲಿಂದ ಬಂದು ಕೂತಿತ್ತು.

ಕನೆಕೊ ಆಮೇಲೆ ಮಾಡಿದ್ದು ಯಾವ ವ್ಯವಹಾರಸ್ಥನೂ ಒಪ್ಪದ ಕೆಲಸ. ಬೆಲೆಯನ್ನೇ ತೆಗೆದುಹಾಕಿದ. ತರಕಾರಿ ಕಳಿಸುವುದು ತನ್ನ ಕೊಡುಗೆ. ಅವರು ಎಷ್ಟು ಕೊಡುತ್ತಾರೋ ಅದು ಅವರ ಉಪಕಾರ ಸ್ಮರಣೆ. ಜಪಾನಿ ಭಾಷೆಯಲ್ಲಿ ‘ಒ-ರೇ’. ಎಷ್ಟು ಕೊಡಬೇಕೆಂದು ತಿಂದವರೇ ತೀರ್ಮಾನಿಸಬೇಕು, ರೈತ ಕೇಳುವುದಿಲ್ಲ.

ಈ ಪದ್ಧತಿ ಮುರಿಯಲಿಲ್ಲ. ವಿಚಿತ್ರವೆಂದರೆ, ಕರಾರು ಪತ್ರ ಕಟ್ಟಿಹಾಕಲಾಗದ ಜನರನ್ನು ಮುಜುಗರ ಕಟ್ಟಿಹಾಕಿತು. ದಕ್ಷಿಣೆ ಕೊಡುವಾಗ ನಮ್ಮ ಕೈ ತಾನಾಗಿ ಒಂದು ರೂಪಾಯಿ ಸೇರಿಸುತ್ತದಲ್ಲ, ಅಂಥದ್ದೇ ಮುಜುಗರ ಇರಬೇಕು.

ಕನೆಕೊ 2022ರಲ್ಲಿ ತೀರಿಕೊಂಡ. ಅದಕ್ಕೆ ಮುಂಚೆ ಅವನ ಶಿಮೊಸಾತೊ ಹಳ್ಳಿಯ ಅಕ್ಕಪಕ್ಕದ ರೈತರೂ ಸಾವಯವಕ್ಕೆ ಬಂದಿದ್ದರು. ತೋಫು ಮಾಡುವವನೊಬ್ಬ ಅವರ ಸೋಯಾ ಅವರೆ ಕೊಂಡ. ಮನೆ ದುರಸ್ತಿ ಮಾಡುವ ಕಂಪನಿಯೊಂದು ತನ್ನ ನೌಕರರಿಗೆಂದು ಅಕ್ಕಿ ಕೊಂಡಿತು. 2010ರಲ್ಲಿ ಆ ಹಳ್ಳಿಗೆ ಚಕ್ರವರ್ತಿ ಕಪ್ ಎಂಬ ರಾಷ್ಟ್ರಪ್ರಶಸ್ತಿಯೂ ಬಂತು.

ಆದರೂ ಒಟ್ಟಾರೆ ತೇಕೆ ಸೊರಗಿದೆ. ಅದು ನಿಂತಿದ್ದದ್ದು ಗೃಹಿಣಿಯರ ಬಿಟ್ಟಿ ದುಡಿಮೆಯ ಮೇಲೆ. ಲಾರಿ ಬಂದಾಗ ಇಳಿಸಿ, ಬೀದಿಬೀದಿಗೆ ಪಾಲು ಮಾಡಿ, ಲೆಕ್ಕ ಇಟ್ಟವರು ಅವರೇ. ಆ ಹೆಂಗಸರ ಮುಂದಿನ ತಲೆಮಾರು ಕೆಲಸಕ್ಕೆ ಹೋಗತೊಡಗಿದ ಮೇಲೆ ಮಧ್ಯಾಹ್ನ ಮೂಲಂಗಿ ಎಣಿಸಲು ಯಾರಿದ್ದಾರೆ? ಈ ಚಳವಳಿಯನ್ನು ಹೊಗಳುವ ಬರಹಗಳು ಈ ಪ್ರಶ್ನೆಯ ಹತ್ತಿರ ಬಂದು ಮೆಲ್ಲಗೆ ದಾರಿ ಬದಲಿಸುತ್ತವೆ.

ಹಿಂಡಿಗೆ ಮುಂಗಡ

ಇದನ್ನೆಲ್ಲ ಅಮ್ಮನಿಗೆ ಹೇಳಿದಾಗ ಅವರು ಅಚ್ಚರಿ ಪಡಲಿಲ್ಲ. “ಅದು ವರ್ತನೆ ಅಲ್ವೇನೋ?” ಅಂದರು.

ಹಳೆ ಮೈಸೂರಿನ ಕಡೆ ಆ ಪದ ಗೊತ್ತಿಲ್ಲದ ಮನೆ ಇರಲಿಲ್ಲ. ವರ್ತನೆ ಹಾಲು, ವರ್ತನೆ ಹೂವು, ವರ್ತನೆ ಸೊಪ್ಪು. ದಿನಾ ತಪ್ಪದೆ ತರುವವಳು ವರ್ತನೆಯವಳು. ಅಮ್ಮನ ತವರಲ್ಲಿ ಅಡುಗೆಮನೆ ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನ ಗೆರೆಗಳಿದ್ದವಂತೆ. ದಿನಕ್ಕೊಂದು ಗೆರೆ, ಪಾವಿನ ಲೆಕ್ಕ. ತಿಂಗಳಾದ ಮೇಲೆ ಎಣಿಸಿ ದುಡ್ಡು ಕೊಟ್ಟು, ಗೋಡೆ ಒರೆಸುವುದು.

“ಬೇಸಿಗೆ ಬಂತು ಅಂದ್ರೆ ಹಾಲಿನವಳು ಜಗಲಿ ಮೇಲೆ ಕೂತುಬಿಡೋಳು. ಹಿಂಡಿ ತರಬೇಕು ಅಮ್ಮಾ, ಮುಂಗಡ ಕೊಡಿ ಅಂತ. ನಮ್ಮಮ್ಮ ಕೊಡೋರು. ಹಸು ಬತ್ತಿದಾಗ ಹಾಲೂ ಇಲ್ಲ, ದುಡ್ಡೂ ಇಲ್ಲ. ಕರು ಹಾಕಿದ ಮೇಲೆ ಗಿಣ್ಣು ಮೊದಲು ನಮ್ಮನೆಗೆ.”

ಹಿಂಡಿಗೆ ಮುಂಗಡ, ಬತ್ತಿದಾಗ ತಾಳ್ಮೆ, ಈದಾಗ ಗಿಣ್ಣು. ವಾಂಡರ್‌ಟ್ಯೂನ್ ಸ್ವಿಟ್ಜರ್ಲೆಂಡಿನಿಂದ ಅಮೆರಿಕಕ್ಕೆ ಹೊತ್ತೊಯ್ದದ್ದು ಇದಕ್ಕಿಂತ ತುಂಬ ಬೇರೆ ಏನಲ್ಲ.

ಹಳೆಯದೆಲ್ಲ ಬಂಗಾರವೆಂದು ಹೇಳುವ ಹಟ ನನಗಿಲ್ಲ. ಕಣದಲ್ಲೇ ಬಡಗಿಗೆ, ಕಮ್ಮಾರನಿಗೆ, ಕುಂಬಾರನಿಗೆ ಬೆಳೆಯ ಪಾಲು ಅಳೆದು ಕೊಡುತ್ತಿದ್ದ ಆಯದ ಪದ್ಧತಿಯನ್ನೂ ಕೆಲವರು ಈ ಸಾಲಿಗೆ ಸೇರಿಸುತ್ತಾರೆ. ಅಲ್ಲಿ ಯಾರು ಎಷ್ಟು ಒಯ್ಯಬೇಕು, ಎಲ್ಲಿ ನಿಂತು ಒಯ್ಯಬೇಕು ಎಂಬುದನ್ನು ಜಾತಿಯೇ ಬರೆದಿಟ್ಟಿತ್ತು. ಒಲ್ಲೆ ಎಂದು ಎದ್ದುಹೋಗುವ ದಾರಿ ಇರಲಿಲ್ಲ. ಜರ್ಮನಿಯ ಹುಡುಗಿ ಅರವತ್ತು ಬರೆದು ಮಡಚಿದ ಚೀಟಿಯನ್ನು ಅದರ ಪಕ್ಕ ಇಡಲಾಗದು.

ಬಾಕ್ಸ್: ನಿಮ್ಮ ಒಂದು ರೂಪಾಯಿ

ಟೊಮೆಟೊಗೆ ನೀವು ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ತಲುಪುವುದು ಸುಮಾರು 33 ಪೈಸೆ. ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಇದು 2024ರಲ್ಲಿ ರಿಸರ್ವ್ ಬ್ಯಾಂಕ್ ಹೊರತಂದ ಅಧ್ಯಯನ ಪ್ರಬಂಧದ ಅಂದಾಜು. ಉಳಿದದ್ದು ಸಾಗಣೆ, ಕಮಿಷನ್, ಸಗಟು, ಚಿಲ್ಲರೆ, ಕೊಳೆತು ಹೋದದ್ದು.

ಕೋಲಾರದ ಕ್ರೇಟು, ಲಾಕ್‌ಡೌನಿನ ದ್ರಾಕ್ಷಿ

2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕೆಜಿಯ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಕೂತವರಿದ್ದರು. ಸೆಪ್ಟೆಂಬರ್ ಹೊತ್ತಿಗೆ ಅದೇ ಟೊಮೆಟೊ ಬೀಳುಬೆಲೆಗೆ ಬಂದಿತ್ತು. ಎರಡೂ ತಿಂಗಳಲ್ಲಿ ತಿನ್ನುವವನ ಸಾರಿಗೆ ಬೇಕಾದದ್ದು ಅವೇ ಎರಡು ಹಣ್ಣು.

ಈ ಏರಿಳಿತಕ್ಕೆ ಕರ್ನಾಟಕ ಮದ್ದು ಹುಡುಕದೆ ಇಲ್ಲ. 1959ರಲ್ಲಿ ತೋಟಗಾರಿಕೆ ತಜ್ಞ ಎಂ.ಎಚ್. ಮರಿಗೌಡರ ಒತ್ತಾಸೆಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದೇ ಇಂದಿನ ಹಾಪ್‌ಕಾಮ್ಸ್. ರೈತನಿಂದ ಕೊಂಡು ನೇರ ಗಿರಾಕಿಗೆ ಮಾರುವ ಆ ಮಳಿಗೆಗಳಿಲ್ಲದ ಬೆಂಗಳೂರನ್ನು ನನ್ನ ವಯಸ್ಸಿನವರು ಕಂಡಿಲ್ಲ. ಆದರೆ ಅಲ್ಲಿ ದಲ್ಲಾಳಿ ಮಾಯವಾಗಿದ್ದಾನೆ, ತಕ್ಕಡಿ ಹಾಗೇ ಇದೆ. ಬೆಳೆ ಹೋದರೆ ಹೋದದ್ದು ರೈತನದೇ.

2020ರ ಲಾಕ್‌ಡೌನಿನಲ್ಲಿ ಒಂದು ಬಾಗಿಲು ತೆರೆದಿತ್ತು. ಮಂಡಿ ಮುಚ್ಚಿ, ಕೊಯ್ಲಿಗೆ ಬಂದ ದ್ರಾಕ್ಷಿ, ಕಲ್ಲಂಗಡಿ ಹೊಲದಲ್ಲೇ ಉಳಿದಾಗ ರೈತರು ವ್ಯಾನಿನಲ್ಲಿ ತುಂಬಿಕೊಂಡು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿಗೇ ಬಂದರು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ರೈತನ ಫೋನ್ ನಂಬರು ಓಡಾಡಿತು. ಮಾಸ್ಕಿನ ಮೇಲೆ ಕಣ್ಣಷ್ಟೇ ಕಂಡರೂ ಬೆಳೆದವನ ಮುಖ ನೋಡಿದೆವೆಂದು ಖುಷಿಪಟ್ಟೆವು.

ಮಂಡಿ ತೆರೆಯಿತು. ನಂಬರು ಫೋನಿನಲ್ಲೇ ಉಳಿಯಿತು, ವ್ಯಾನು ಬರುವುದು ನಿಂತಿತು. ಈಗ ಹತ್ತು ನಿಮಿಷದಲ್ಲಿ ಕೊತ್ತಂಬರಿ ತರುವ ಹುಡುಗ ಇದ್ದಾನೆ. ‘ತೋಟದಿಂದ ನೇರ ಮನೆಗೆ’ ಎಂದು ಅವನ ಚೀಲದ ಮೇಲೂ ಅಚ್ಚಾಗಿರುತ್ತದೆ. ಆದರೆ ಆಲಿಕಲ್ಲು ಬಿದ್ದ ದಿನ ಆ ಚೀಲ ಇನ್ನೊಂದು ತೋಟದಿಂದ ತುಂಬಿಕೊಂಡು ಬರುತ್ತದೆ.

ಮೂರನೇ ವಾರದ ಮೂಲಂಗಿ

ನಮ್ಮ ಕಟ್ಟಡದ ಇಪ್ಪತ್ತೆರಡು ಮನೆಗಳು ದೊಡ್ಡಬಳ್ಳಾಪುರದ ಕಡೆಯ ರೈತರೊಬ್ಬರಿಗೆ ಆರು ತಿಂಗಳ ಹಣ ಮುಂಗಡ ಕೊಟ್ಟು ನೋಡಿದ್ದೇವೆ. ಶನಿವಾರ ಬೆಳಿಗ್ಗೆ ಏಳಕ್ಕೆ ಕೆಳಗಿನ ಪಾರ್ಕಿಂಗಿನಲ್ಲಿ ಗೋಣಿ ಹಾಸಿ, ಅದರ ಮೇಲೆ ಇಪ್ಪತ್ತೆರಡು ಬಟ್ಟೆ ಚೀಲಗಳನ್ನು ಅವರು ಸಾಲಾಗಿ ಇಡುತ್ತಾರೆ. ಬೇರಿನ ಮಣ್ಣು ಹಸಿಯಾಗಿರುತ್ತದೆ. ದಂಟಿನ ಸೊಪ್ಪಿನ ಕಟ್ಟಿಗೆ ಬಾಳೆ ನಾರು. ಪ್ರತಿ ಚೀಲದಲ್ಲೂ ಮಗಳ ನೋಟ್‌ಬುಕ್ಕಿನಿಂದ ಹರಿದ ಹಾಳೆಯ ಮೇಲೆ ಆ ವಾರದ ಸುದ್ದಿ: ‘ಹೀರೆ ಬಳ್ಳಿ ಹಬ್ಬಿದೆ. ಬದನೆಗೆ ಹುಳ. ಮುಂದಿನ ವಾರ ಅವರೆ ಬರಬಹುದು.’

ಮೊದಲ ಎರಡು ತಿಂಗಳು ಹಬ್ಬ. ಗುಂಪಿನಲ್ಲಿ ಫೋಟೊಗಳೇ ಫೋಟೊಗಳು. ಆಮೇಲೆ ಮೂಲಂಗಿ ಬಂತು. ಎರಡನೇ ವಾರವೂ ಮೂಲಂಗಿ. ಮೂರನೇ ವಾರ ಇನ್ನೂ ದಪ್ಪ ಮೂಲಂಗಿ. ಸಾಂಬಾರಾಯಿತು, ಪರಾಠಾ ಆಯಿತು, ಕೋಸಂಬರಿಯೂ ಆಯಿತು. ಅಂದು ಸಂಜೆ ಗುಂಪಿನಲ್ಲಿ ಒಂದು ಸಂದೇಶ ಬಿತ್ತು: ‘ಮೂಲೆ ಅಂಗಡಿಯಲ್ಲಿ ಮೂಲಂಗಿ ಕೆಜಿಗೆ ಇಪ್ಪತ್ತು. ನಾವು ಕೊಟ್ಟ ದುಡ್ಡಿನ ಲೆಕ್ಕ ಹಾಕಿದರೆ...’

ಬರೆದವರು ಕೆಟ್ಟವರಲ್ಲ. ನನ್ನ ತಲೆಯೊಳಗೂ ಆ ಭಾಗಾಕಾರ ಆಗಲೇ ಮುಗಿದಿತ್ತು. ಕನೆಕೊನ ಹತ್ತು ಮನೆಗಳಲ್ಲಿ ಒಂದು ನನ್ನದೂ ಆಗಿರಬಹುದಿತ್ತು. ಆರು ತಿಂಗಳು ತುಂಬುವ ಹೊತ್ತಿಗೆ ಇಪ್ಪತ್ತೆರಡು ಮನೆಗಳಲ್ಲಿ ಎಂಟು ಬಿಟ್ಟವು.

ಎಪ್ರಿಲ್ ಕೊನೆಯ ಶುಕ್ರವಾರ ದೊಡ್ಡಬಳ್ಳಾಪುರದ ಕಡೆ ಆಲಿಕಲ್ಲು ಬಿತ್ತು. ಶನಿವಾರ ಏಳಕ್ಕೆ ಅವರು ಬಂದರು. ಪಾರ್ಕಿಂಗಿನಲ್ಲಿ ಗೋಣಿ ಹಾಸಲಿಲ್ಲ. ಒಂದೊಂದೇ ಮನೆಯ ಬಾಗಿಲಿಗೆ ತಾವೇ ಬಂದು ಚೀಲ ಕೊಟ್ಟರು. ನಮ್ಮ ಚೀಲದಲ್ಲಿ ಎರಡು ಕಟ್ಟು ನುಗ್ಗೆ ಸೊಪ್ಪು, ಒಂದು ಹಿಡಿ ಹಸಿಮೆಣಸಿನಕಾಯಿ. ಹಾಳೆ ಇರಲಿಲ್ಲ.

“ಟೊಮೆಟೊ ಎಲ್ಲ ತೂತು ಬಿದ್ದೋಗದೆ ಸಾರ್. ಬಳ್ಳಿ ಮಲಗವೆ,” ಎಂದು ನೆಲ ನೋಡಿದರು.

ಅಮ್ಮ ಹಿಂದೆ ಬಂದು ನಿಂತಿದ್ದರು. “ಮತ್ತೆ ಬಿತ್ತನೆ ಯಾವಾಗಪ್ಪಾ?”

“ಹದ ನೋಡ್ಕಂಡು ಮುಂದಿನ ವಾರ ಅಮ್ಮಾ.”

“ಬೀಜ ತಂದಾಯ್ತಾ?”

“ಇನ್ನೂ ಇಲ್ಲ. ನೀವು ನಿಧಾನಕ್ಕೆ ಕೊಡಿ ಅಮ್ಮಾ, ಅವಸರ ಏನಿಲ್ಲ.”

ಅಮ್ಮ ನುಗ್ಗೆ ಸೊಪ್ಪಿನ ಚೀಲವನ್ನು ನನ್ನ ಕೈಗಿತ್ತು ಒಳಗೆ ಹೋದರು. ಬೀರುವಿನ ಬಾಗಿಲು ತೆಗೆದ ಸದ್ದು ಕೇಳಿಸಿತು.